ವಾನ್ಯಾ ಮಾಮ ಅಳುತ್ತಾನೆ, ಡಾಕ್ಟರು ಸಿಳ್ಳೆ ಹಾಕುತ್ತಾನೆ

ಪ್ರಶ್ನೆ: ನಮ್ಮದು ಶಿವಮೊಗ್ಗದ ಒಂದು ಹವ್ಯಾಸಿ ತಂಡ. ರಷ್ಯದ ನಾಟಕಕಾರ ಚೆಕಾಫ್‌ನ ‘ಅಂಕಲ್ ವಾನ್ಯಾ’ ನಾಟಕವನ್ನು ಇಂಗ್ಲಿಷಿನಿಂದ ‘ವಾನ್ಯಾ ಮಾಮ’ ಅಂತ ಕನ್ನಡಕ್ಕೆ ತಂದುಕೊಂಡು ತಾಲೀಮು ನಡೆಸುತ್ತಿದ್ದೇವೆ. ದಿನಾ ಸಂಜೆ ಎರಡು ಗಂಟೆ. ಪ್ರದರ್ಶನಕ್ಕೆ ಇನ್ನೂ ಹತ್ತು ವಾರ ಇದೆ. ಆದರೆ ಭಾವನೆ ನಿಜ ಅನ್ನಿಸುತ್ತಲೇ ಇಲ್ಲ. ಅರ್ಧ ಜನ ಅತ್ತು ಕೂಗಾಡುತ್ತಾರೆ. ಇನ್ನರ್ಧ ಜನ ಸಹಜ ಅಭಿನಯ ಅಂತ ಗೊಣಗುತ್ತಾರೆ, ಮೂರನೇ ಸಾಲಿಗೂ ಕೇಳಿಸುವುದಿಲ್ಲ. ಸೋನ್ಯಾ ಪಾತ್ರದ ಹುಡುಗಿಗೆ ಅವಳ ಅಜ್ಜಿ ತೀರಿಕೊಂಡ ದಿನವನ್ನು ನೆನಪಿಸಿಕೋ ಅಂದೆ. ಮೊದಲ ದಿನ ನೋಡಿದವರೆಲ್ಲ ಅತ್ತೆವು. ನಾಲ್ಕನೇ ದಿನ ಏನೂ ಬರಲಿಲ್ಲ. ಅವಳು ಮನೆಗೆ ಹೋಗಿ ಊಟ ಮಾಡದೆ ಮಲಗಿದಳಂತೆ. ರಷ್ಯದ ನಟ, ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿ ಹೇಳಿದ್ದು ಇದನ್ನೇ ಅಲ್ವಾ? ಕೊನೆಯ ದೃಶ್ಯದಲ್ಲಿ ಸೋನ್ಯಾ ‘ಕಣ್ಣೀರಿನ ನಡುವೆ’ ಮಾತಾಡುತ್ತಾಳೆ ಅಂತ ನಾಟಕದಲ್ಲೇ ಇದೆ. ಅಳದೆ ಅದನ್ನು ಮಾಡೋದು ಹೇಗೆ?

ಉತ್ತರ: ಮೊದಲು ಆ ಹುಡುಗಿಯ ವಿಷಯ. ಅಜ್ಜಿಯ ನೆನಪನ್ನು ಇವತ್ತಿಗೇ ನಿಲ್ಲಿಸಿ. ನಾಳೆ ತಾಲೀಮಿಗೆ ಮುಂಚೆ ಅವಳನ್ನು ಪಕ್ಕಕ್ಕೆ ಕರೆದು, ‘ಅದು ಬೇಡಮ್ಮ, ನಿನ್ನ ತಪ್ಪೇನೂ ಇಲ್ಲ, ನಾನು ತೋರಿಸಿದ ದಾರಿಯೇ ಸರಿ ಇರಲಿಲ್ಲ’ ಅಂತ ನೀವಾಗಿಯೇ ಹೇಳಿ. ನಾಲ್ಕನೇ ದಿನ ಅಳು ಬರಲಿಲ್ಲ ಅಂತ ಅವಳು ತನ್ನನ್ನೇ ಬೈದುಕೊಳ್ಳುತ್ತಿರುತ್ತಾಳೆ. ಅಜ್ಜಿಯ ಮೇಲಿನ ಪ್ರೀತಿ ಕಮ್ಮಿಯಾಯಿತೇನೋ ಅಂತಲೂ ಅನ್ನಿಸಿರಬಹುದು. ಆ ಭಾರವನ್ನು ಅವಳ ತಲೆಯಿಂದ ಇಳಿಸುವುದು ನಿಮ್ಮ ಮೊದಲ ಕೆಲಸ.

ಇದನ್ನು ಇಷ್ಟು ಖಡಕ್ಕಾಗಿ ಹೇಳುವುದಕ್ಕೆ ಕಾರಣ ಇದೆ. ನಾನು ನಟರಿಗೆ ಕಲಿಸಲು ಶುರುಮಾಡಿದ ಹೊಸತರಲ್ಲಿ ಒಬ್ಬ ಹುಡುಗನಿಗೆ ಅವನ ತಂದೆಯ ಸಾವನ್ನು ನೆನಪಿಸಿಕೊಳ್ಳಲು ಹೇಳಿದ್ದೆ. ಅವನು ಬಿಕ್ಕಿ ಬಿಕ್ಕಿ ಅತ್ತ. ಎದುರಿಗಿದ್ದ ನಟಿ ಗಾಬರಿಯಲ್ಲಿ ಎರಡು ಮಾತು ಹಾರಿಸಿಬಿಟ್ಟಳು. ಅವನಿಗೆ ಅದು ಗೊತ್ತೇ ಆಗಲಿಲ್ಲ. ಅವಳು ಎದುರಿಗೆ ಇದ್ದದ್ದೇ ಅವನಿಗೆ ಮರೆತುಹೋಗಿತ್ತು. ಅಳು ನೂರಕ್ಕೆ ನೂರು ನಿಜ, ಆದರೆ ಆ ಅಳು ನಾಟಕದ್ದಲ್ಲ. ಅವನ ಮನೆಯ ದುಃಖವನ್ನು ನಾವೆಲ್ಲ ಕದ್ದು ನೋಡಿದ ಹಾಗಾಯಿತು. ಆಮೇಲೆ ನಾನು ಯಾವ ನಟನಿಗೂ ಹಸಿ ಗಾಯವನ್ನು ಮುಟ್ಟಲು ಹೇಳಿಲ್ಲ.

ಸ್ಟಾನಿಸ್ಲಾವ್‌ಸ್ಕಿ ಇದನ್ನೇ ಹೇಳಿದ್ದನಾ? ಒಂದು ಕಾಲದಲ್ಲಿ ಹೇಳಿದ್ದ, ನಿಜ. 1906ರ ಬೇಸಿಗೆಯಲ್ಲಿ ಫಿನ್ಲೆಂಡಿನಲ್ಲಿ ರಜೆ ಕಳೆಯುವಾಗ ಅವನಿಗೆ ಒಂದು ಭಯ ಹುಟ್ಟಿತು. ಜನ ಮೆಚ್ಚಿದ ತನ್ನ ಪಾತ್ರಗಳನ್ನೆಲ್ಲ ತಾನೀಗ ಬರೀ ರೂಢಿಯಿಂದ ಮಾಡುತ್ತಿದ್ದೇನೆ, ಒಳಗೆ ಏನೂ ಉಳಿದಿಲ್ಲ ಅಂತ. ಅಲ್ಲಿಂದ ಅವನ ಹುಡುಕಾಟ ಶುರು. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೊ ಬರೆದದ್ದನ್ನು ಓದಿ ‘ಭಾವನೆಯ ನೆನಪು’ ಅನ್ನುವ ವಿಚಾರವನ್ನು ಹಿಡಿದ. 1912ರಲ್ಲಿ ಅವನ ನಾಟಕ ಸಂಸ್ಥೆಯಾದ ಮಾಸ್ಕೋ ಆರ್ಟ್ ಥಿಯೇಟರ್‌ನ ಫಸ್ಟ್ ಸ್ಟುಡಿಯೊ ಶುರುವಾದಾಗ ಎಳೆಯ ನಟರ ಜೊತೆ ಅದನ್ನು ಪ್ರಯೋಗಿಸಿದ. ಚೆಕಾಫ್‌ನ ಅಣ್ಣನ ಮಗ ಮಿಖಾಯಿಲ್ ಆ ಗುಂಪಿನಲ್ಲಿದ್ದ. ಅವನ ಬಗ್ಗೆ ರಂಗಭೂಮಿಯಲ್ಲಿ ಒಂದು ಕಥೆ ಹೇಳುತ್ತಾರೆ. ತನ್ನ ತಂದೆಯ ಶವಸಂಸ್ಕಾರದ ನೆನಪನ್ನು ಅವನು ಮಾಡಿ ತೋರಿಸಿದನಂತೆ. ನೋಡಿದವರು ಕರಗಿಹೋದರಂತೆ. ಆಮೇಲೆ ಗೊತ್ತಾಯಿತು, ತಂದೆ ಇನ್ನೂ ಬದುಕಿದ್ದಾರೆ ಅಂತ. ಮಿಖಾಯಿಲ್‌ಗೆ ಬೈಗುಳ ಬಿತ್ತು ಅಂತ ಕಥೆ ಮುಗಿಯುತ್ತದೆ. ನನಗೆ ಮಾತ್ರ ಅವನು ಒಂದು ದೊಡ್ಡ ಸತ್ಯ ತೋರಿಸಿಕೊಟ್ಟ ಅನ್ನಿಸುತ್ತದೆ. ನೋಡುವವರನ್ನು ಕರಗಿಸಲು ನಟನ ಮನೆಯಲ್ಲಿ ಯಾರೂ ಸಾಯಬೇಕಾಗಿಲ್ಲ, ಕಲ್ಪನೆ ಸಾಕು.

ಸ್ಟಾನಿಸ್ಲಾವ್‌ಸ್ಕಿಯೂ ಅಲ್ಲಿಗೇ ನಿಲ್ಲಲಿಲ್ಲ. 1938ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಅವನು ದೇಹದ ಕ್ರಿಯೆಯಿಂದ ಶುರುಮಾಡುವ ದಾರಿ ಹಿಡಿದಿದ್ದ. ಭಾವನೆ ಹಿಡಿಯಲು ಹೋದರೆ ಓಡಿಹೋಗುತ್ತದೆ, ಕೆಲಸ ಹಿಡಿದರೆ ತಾನಾಗಿ ಹಿಂದೆ ಬರುತ್ತದೆ ಅನ್ನುವುದು ಅದರ ತಿರುಳು. ಅಮೆರಿಕದ ನಟಿ ಸ್ಟೆಲ್ಲಾ ಆಡ್ಲರ್ 1934ರಲ್ಲಿ ಪ್ಯಾರಿಸ್‌ನಲ್ಲಿ ಅವನನ್ನು ಕಂಡು, ಕೆಲವು ವಾರ ಜೊತೆಗೆ ಕೆಲಸ ಮಾಡಿ, ನ್ಯೂಯಾರ್ಕಿಗೆ ವಾಪಸ್ ಹೋಗಿ ಹೇಳಿದ್ದು ಇದನ್ನೇ: ಮೊದಲು ಸನ್ನಿವೇಶ, ಕಲ್ಪನೆ, ಕ್ರಿಯೆ. ಅಲ್ಲಿ ನಟರಿಗೆ ಕಲಿಸುತ್ತಿದ್ದ ಲೀ ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ, ಸ್ವಂತ ನೆನಪಿನ ದಾರಿಯನ್ನೇ ಬೆಳೆಸಿದ. ಸಿನಿಮಾ ನಟರ ಮೂಲಕ ಲೋಕಕ್ಕೆಲ್ಲ ಹರಡಿದ್ದು ಆ ದಾರಿ. ನಿಮ್ಮ ಕಿವಿಗೂ ಅದೇ ಬಿದ್ದಿದೆ.

ಈಗ ನಿಮ್ಮ ನಾಟಕಕ್ಕೆ ಬರೋಣ. ನಾಟಕ ಗೊತ್ತಿಲ್ಲದವರಿಗೆ ಎರಡು ಮಾತು: ವಾನ್ಯಾ ಮತ್ತು ಅವನ ತಂಗಿಯ ಮಗಳು ಸೋನ್ಯಾ ಹಳ್ಳಿಯ ಎಸ್ಟೇಟು ನೋಡಿಕೊಳ್ಳುವವರು. ಸೋನ್ಯಾಳ ಅಪ್ಪ ಪ್ರೊಫೆಸರ್, ವಾನ್ಯಾನ ಭಾವ. ಯೆಲೆನಾ ಆ ಪ್ರೊಫೆಸರನ ಎರಡನೇ ಹೆಂಡತಿ. ಮಾಸ್ಕೋ ಆರ್ಟ್ ಥಿಯೇಟರ್ ಇದನ್ನು ಮೊದಲು ಆಡಿದ್ದು 1899ರ ಅಕ್ಟೋಬರ್‌ನಲ್ಲಿ. ಡಾಕ್ಟರ್ ಆಸ್ತ್ರೋವ್ ಪಾತ್ರ ಸ್ಟಾನಿಸ್ಲಾವ್‌ಸ್ಕಿಯದೇ. ಚೆಕಾಫ್ ನಾಟಕ ನೋಡಿದ ಮೇಲೆ, ಕೊನೆಯ ಅಂಕದ ಬಗ್ಗೆ ಏನಾದರೂ ಹೇಳಿ ಅಂತ ಸ್ಟಾನಿಸ್ಲಾವ್‌ಸ್ಕಿ ಕೇಳಿದ. ಚೆಕಾಫ್ ಹೇಳಿದ್ದು ಇಷ್ಟೇ: ಅವನು ಸಿಳ್ಳೆ ಹಾಕುತ್ತಾನೆ ರೀ, ವಾನ್ಯಾ ಮಾಮ ಅಳುತ್ತಾನೆ, ಅವನು ಸಿಳ್ಳೆ ಹಾಕುತ್ತಾನೆ. ಅದಕ್ಕಿಂತ ಜಾಸ್ತಿ ಒಂದು ಮಾತೂ ಬರಲಿಲ್ಲ. ಸ್ಟಾನಿಸ್ಲಾವ್‌ಸ್ಕಿಗೆ ತಲೆಬುಡ ಅರ್ಥವಾಗಲಿಲ್ಲ. ಮುಂದಿನ ಪ್ರದರ್ಶನದಲ್ಲಿ ಸುಮ್ನೆ ಹಾಗೇ ಮಾಡಿ ನೋಡಿದ. ಮಾಡಿದ ತಕ್ಷಣ ಡಾಕ್ಟರು ಅರ್ಥವಾದ. ಎಲ್ಲದರ ಮೇಲೂ ನಂಬಿಕೆ ಕಳೆದುಕೊಂಡವನು ಅಳುವುದಿಲ್ಲ, ಸಿಳ್ಳೆ ಹಾಕುತ್ತಾನೆ. ಇದನ್ನು ಸ್ಟಾನಿಸ್ಲಾವ್‌ಸ್ಕಿ ತನ್ನ ಆತ್ಮಕಥೆಯಲ್ಲೇ ಬರೆದುಕೊಂಡಿದ್ದಾನೆ.

ಇದು ಆ ಒಂದು ಪಾತ್ರಕ್ಕೆ ಹೇಳಿದ ಮಾತಲ್ಲ. 1901ರ ಜನವರಿಯಲ್ಲಿ ‘ಮೂವರು ಸೋದರಿಯರು’ ತಾಲೀಮು ನಡೆಯುತ್ತಿತ್ತು. ಮಾಷಾ ಪಾತ್ರ ಮಾಡುತ್ತಿದ್ದ ಓಲ್ಗಾ ಕ್ನಿಪ್ಪರ್‌ಗೆ ಚೆಕಾಫ್ ಒಂದು ಕಾಗದ ಬರೆದ. ಯಾವ ಅಂಕದಲ್ಲೂ ಮುಖ ಸಪ್ಪಗೆ ಮಾಡಬೇಡ ಅಂದ. ಸಿಟ್ಟು ಇರಲಿ, ಸಪ್ಪೆ ಮುಖ ಬೇಡ. ದುಃಖವನ್ನು ಬಹಳ ಕಾಲ ಒಳಗೆ ಹೊತ್ತು ಅಭ್ಯಾಸವಾದವರು ಬರೀ ಸಿಳ್ಳೆ ಹಾಕುತ್ತಾರೆ, ಆಗಾಗ ಯೋಚನೆಯಲ್ಲಿ ಮುಳುಗುತ್ತಾರೆ ಅಂತ. ಮತ್ತೆ ಸಿಳ್ಳೆ! ನಿಮ್ಮ ಇಡೀ ತಂಡಕ್ಕೆ ನಾನು ಹೇಳಬೇಕಾದದ್ದು ಇದೊಂದೇ. ಚೆಕಾಫ್‌ನ ಜನ ದುಃಖ ತೋರಿಸಲು ರಂಗಕ್ಕೆ ಬರುವುದಿಲ್ಲ. ದುಃಖ ಕಾಣದ ಹಾಗೆ ಏನೋ ಒಂದು ಕೆಲಸ ಮಾಡಲು ಬರುತ್ತಾರೆ. ನಟನಿಗೆ ಕಲಿಸಬೇಕಾದದ್ದು ಆ ಕೆಲಸ.

ನಾಲ್ಕನೇ ಅಂಕದ ಒಂದು ಜಾಗ ತೆಗೆದುಕೊಳ್ಳಿ. ವಾನ್ಯಾ ತನ್ನ ಭಾವನ ಮೇಲೆ ಗುಂಡು ಹಾರಿಸಿ ಆಗಿದೆ. ಡಾಕ್ಟರನ ಔಷಧಿ ಪೆಟ್ಟಿಗೆಯಿಂದ ಮಾರ್ಫಿನ್ ಕದ್ದು, ಸೋನ್ಯಾ ಬೇಡಿಕೊಂಡ ಮೇಲೆ ವಾಪಸ್ ಕೊಟ್ಟಾಗಿದೆ. ಪ್ರೊಫೆಸರ್ ದಂಪತಿ ಊರು ಬಿಟ್ಟು ಹೋಗಿಯಾಗಿದೆ. ಈಗ ಡಾಕ್ಟರು ಹೊರಡಬೇಕು. ಅವನು ಹೇಳುವುದೇನು? ಗಾಡಿಯ ಒಂದು ಕುದುರೆ ಕುಂಟುತ್ತಿದೆ, ನಿನ್ನೆ ನೀರು ಕುಡಿಸಲು ಕರೆದೊಯ್ದಾಗಲೇ ಗಮನಿಸಿದೆ ಅನ್ನುತ್ತಾನೆ. ಲಾಳ ಬದಲಿಸಬೇಕು ಅನ್ನುತ್ತಾನೆ ವಾನ್ಯಾ. ದಾರಿಯಲ್ಲಿ ಕಮ್ಮಾರನ ಹತ್ತಿರ ನಿಲ್ಲಿಸಬೇಕಾಯಿತು ಅನ್ನುತ್ತಾನೆ ಡಾಕ್ಟರು. ಆಮೇಲೆ ಗೋಡೆಯಲ್ಲಿ ತೂಗುಹಾಕಿದ ಆಫ್ರಿಕಾದ ನಕ್ಷೆಯ ಹತ್ತಿರ ಹೋಗಿ ನೋಡುತ್ತಾನೆ. ಈ ಆಫ್ರಿಕಾದಲ್ಲಿ ಈಗ ಸೆಕೆ ಭಯಂಕರ ಇರಬೇಕು ಅನ್ನುತ್ತಾನೆ. ಹೌದು, ಇರಬಹುದು ಅನ್ನುತ್ತಾನೆ ವಾನ್ಯಾ. ಅಷ್ಟೇ. ಆ ನಕ್ಷೆಯ ಬಗ್ಗೆ ಚೆಕಾಫ್ ರಂಗಸೂಚನೆಯಲ್ಲೇ ಬರೆದಿದ್ದಾನೆ, ಇಲ್ಲಿ ಯಾರಿಗೂ ಅದು ಬೇಕಾದ ಹಾಗೆ ಕಾಣುವುದಿಲ್ಲ ಅಂತ.

ನಿಮ್ಮ ನಟ ಈ ಮಾತನ್ನು ಗಂಟಲು ಕಟ್ಟಿಕೊಂಡು ಹೇಳಿದರೆ ದೃಶ್ಯ ಸತ್ತುಹೋಗುತ್ತದೆ. ಅವನಿಗೆ ಬೇರೆ ಕೆಲಸ ಕೊಡಿ. ಕುಂಟುವ ಕುದುರೆಯ ಬಗ್ಗೆ ನಿಜವಾಗಲೂ ಯೋಚಿಸಲಿ. ಯಾವ ಕಾಲು? ಕಮ್ಮಾರನ ಹತ್ತಿರ ಎಷ್ಟು ಹೊತ್ತಾಗುತ್ತದೆ? ಕತ್ತಲಾಗುವುದರೊಳಗೆ ಮನೆ ಸೇರಬಹುದಾ? ನಕ್ಷೆಯ ಹತ್ತಿರ ಹೋದಾಗ ಒಂದು ಊರಿನ ಹೆಸರು ಓದಲು ನೋಡಲಿ. ತಾಲೀಮಿನಲ್ಲಿ ನಾನು ನಿಜವಾದ ನಕ್ಷೆಯನ್ನೇ ತೂಗುಹಾಕುತ್ತೇನೆ, ಸಣ್ಣ ಅಕ್ಷರದ್ದು. ಅದನ್ನು ಓದಲು ನಟ ಕಣ್ಣು ಕಿರಿದು ಮಾಡಿ ಬಾಗುತ್ತಾನೆ, ಬೆನ್ನು ಪ್ರೇಕ್ಷಕರ ಕಡೆ ತಿರುಗುತ್ತದೆ. ಹೊರಡಲು ಮನಸ್ಸಿಲ್ಲದವನು, ಹೊರಡದೆ ಇರಲು ಕಾರಣವೂ ಇಲ್ಲದವನು. ಅವನ ಬೆನ್ನು ನೋಡಿದರೆ ಸಾಕು, ಹೊಟ್ಟೆ ಕಿವುಚುತ್ತದೆ. ಆಗ ‘ಸೆಕೆ’ ಅನ್ನುವ ಮಾತನ್ನು ಎಷ್ಟು ಮಾಮೂಲಾಗಿ ಹೇಳಿದರೆ ಅಷ್ಟು ಒಳ್ಳೆಯದು.

ಇಂಥದ್ದೇ ಇನ್ನೊಂದು ಜಾಗ, ಡಾಕ್ಟರು ಹೋದ ಮೇಲೆ ವಾನ್ಯಾ ಮತ್ತು ಸೋನ್ಯಾ ಲೆಕ್ಕ ಬರೆಯುವುದು. ಫೆಬ್ರವರಿ ಎರಡು, ಅಡುಗೆ ಎಣ್ಣೆ ಇಪ್ಪತ್ತು ಪೌಂಡು. ಫೆಬ್ರವರಿ ಹದಿನಾರು, ಮತ್ತೆ ಎಣ್ಣೆ ಇಪ್ಪತ್ತು ಪೌಂಡು. ಹೆಚ್ಚಿನ ತಂಡಗಳು ಇಲ್ಲಿ ಖಾಲಿ ಹಾಳೆಯ ಮೇಲೆ ಪೆನ್ನು ಆಡಿಸುತ್ತವೆ. ಪ್ರೇಕ್ಷಕರಿಗೆ ಅದು ಗೊತ್ತಾಗಿಯೇ ಆಗುತ್ತದೆ. ನೀವು ಹಾಗೆ ಮಾಡಬೇಡಿ. ಅಂಗಡಿಯಿಂದ ಕೆಂಪು ಬಟ್ಟೆ ಹೊದಿಸಿದ ಲೆಕ್ಕದ ಪುಸ್ತಕ ಒಂದು ತನ್ನಿ. ಚೀಟಿಗಳನ್ನು ಬರೆದು ಒಂದು ಡಬ್ಬಿಯಲ್ಲಿ ಹಾಕಿ. ಎಣ್ಣೆ, ಕಾಳು, ಹುಲ್ಲು, ಕೂಲಿ. ಪ್ರತಿದಿನ ಬೇರೆ ಬೇರೆ ಮೊತ್ತ ಇರಲಿ. ಇಬ್ಬರೂ ಅದನ್ನು ನಿಜವಾಗಿ ಕೂಡಿಸಬೇಕು. ಆ ಕಾಲದ ರಷ್ಯನ್ ಪೌಂಡು ನಾನೂರು ಗ್ರಾಮಿಗಿಂತ ಸ್ವಲ್ಪ ಜಾಸ್ತಿ. ಅಂದರೆ ಇಪ್ಪತ್ತು ಪೌಂಡು ಅಂದರೆ ಎಂಟು ಕಿಲೊ ಚಿಲ್ಲರೆ. ಅಷ್ಟು ಎಣ್ಣೆಯ ಡಬ್ಬ ಎಷ್ಟು ದೊಡ್ಡದು ಅಂತ ವಾನ್ಯಾ ಮಾಡುವವನಿಗೆ ಕೈಯಲ್ಲಿ ಗೊತ್ತಿರಬೇಕು. ಅವನು ಇಪ್ಪತ್ತೈದು ವರ್ಷ ಅದನ್ನೇ ಎಣಿಸಿದವನು.

ಒಮ್ಮೆ ಈ ಅಭ್ಯಾಸ ಮಾಡಿಸುವಾಗ ವಾನ್ಯಾ ಮಾಡುತ್ತಿದ್ದ ನಟ ಮೂರು ಸಲ ಕೂಡಿಸಿದ. ಮೂರು ಸಲವೂ ಬೇರೆ ಬೇರೆ ಉತ್ತರ ಬಂತು. ಅವನು ಪೆನ್ನು ಕೆಳಗಿಟ್ಟು ಅಂಗೈಯಿಂದ ಹಾಳೆಯನ್ನು ಒತ್ತಿ ಸವರಿದ. ಹಾಳೆ ಮಡಚಿರಲಿಲ್ಲ, ಸವರಬೇಕಾದ್ದೇನೂ ಇರಲಿಲ್ಲ. ಸೋನ್ಯಾ ಅದನ್ನು ನೋಡಿದಳು. ಮಾತಾಡದೆ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ಕೂಡಿಸತೊಡಗಿದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಯಾವ ನೆನಪನ್ನೂ ಅವರು ಕೆದಕಿರಲಿಲ್ಲ. ಲೆಕ್ಕ ತಪ್ಪಿತು, ಅಷ್ಟೇ. ಆದರೆ ಕೋಣೆಯಲ್ಲಿದ್ದ ನಾವು ಯಾರೂ ಉಸಿರು ಬಿಡಲಿಲ್ಲ.

ಕೆಲಸ ಅಂದರೆ ಕೈಯ ಕೆಲಸ ಮಾತ್ರ ಅಲ್ಲ. ಪ್ರತಿ ಮಾತಿನ ಹಿಂದೆಯೂ ಎದುರಿಗಿರುವವನಿಂದ ಏನೋ ಬೇಕಾಗಿರುತ್ತದೆ. ನಟರಿಗೆ ಅದನ್ನು ಒಂದು ಕ್ರಿಯಾಪದದಲ್ಲಿ ಹೇಳಲು ಕಲಿಸಿ. ‘ದುಃಖಪಡು’, ‘ಬೇಸರವಾಗು’ ಇವನ್ನು ಆಡಲು ಬರುವುದಿಲ್ಲ. ‘ಒಪ್ಪಿಸು’, ‘ಬಾಯಿ ಬಿಡಿಸು’, ‘ಕೆಣಕು’, ‘ಪುಸಲಾಯಿಸು’, ‘ತಡೆ’, ‘ಸಾಗಹಾಕು’, ಇವನ್ನು ಆಡಬಹುದು. ಮೂರನೇ ಅಂಕದಲ್ಲಿ ಡಾಕ್ಟರು ಯೆಲೆನಾಗೆ ಜಿಲ್ಲೆಯ ನಕ್ಷೆಗಳನ್ನು ತೋರಿಸುತ್ತಾನೆ. ಐವತ್ತು ವರ್ಷದ ಹಿಂದೆ ಎಷ್ಟು ಕಾಡಿತ್ತು, ಇಪ್ಪತ್ತೈದು ವರ್ಷದ ಹಿಂದೆ ಎಷ್ಟು, ಈಗ ಎಷ್ಟು ಉಳಿದಿದೆ ಅಂತ. ಅವನ ಕ್ರಿಯೆ ‘ಇವಳಿಗೆ ಕಾಡಿನ ಹುಚ್ಚು ಹಿಡಿಸು’. ಅವಳ ಕ್ರಿಯೆ ‘ಇವನಿಗೆ ಸೋನ್ಯಾ ಮೇಲೆ ಮನಸ್ಸಿದೆಯಾ ಅಂತ ಬಾಯಿ ಬಿಡಿಸು’. ಅವನು ನಕ್ಷೆ ನೋಡುತ್ತಾನೆ, ಅವಳು ಅವನ ಮುಖ ನೋಡುತ್ತಾಳೆ. ಕೊನೆಗೆ, ನಿಮಗೆ ಇದರಲ್ಲಿ ಆಸಕ್ತಿಯಿಲ್ಲ ಅಂತ ಅವನಿಗೇ ಗೊತ್ತಾಗುತ್ತದೆ. ಇಬ್ಬರೂ ತಮ್ಮ ಕ್ರಿಯಾಪದ ಬಿಡದೆ ಹಿಡಿದರೆ ಆ ಕ್ಷಣದ ಅವಮಾನ ಸುಳ್ಳಾಗಲು ಸಾಧ್ಯವೇ ಇಲ್ಲ.

ಇನ್ನು ಕೂಗಾಡುವವರು. ಅವರನ್ನು ಬೈಯಬೇಡಿ. ಕಂಪನಿ ನಾಟಕ, ಯಕ್ಷಗಾನದ ನೆರಳಲ್ಲಿ ಬೆಳೆದ ನಟರಿಗೆ ಉಸಿರು ಇದೆ, ಶಕ್ತಿ ಇದೆ. ಅದು ಆಸ್ತಿ. ಅವರಿಗೆ ಬೇಕಾದದ್ದು ಸಿಟ್ಟಿಗೆ ಒಂದು ಕಾರಣ, ಅದೂ ಅಂಕಿಗಳಲ್ಲಿ. ವಾನ್ಯಾನ ದೊಡ್ಡ ಜಗಳ ನೋಡಿ. ಪ್ರೊಫೆಸರ್ ಎಸ್ಟೇಟು ಮಾರೋಣ ಅನ್ನುತ್ತಾನೆ. ಎಸ್ಟೇಟಿನಿಂದ ಬರುವುದು ನೂರಕ್ಕೆ ಎರಡು, ಆ ದುಡ್ಡನ್ನು ಬಡ್ಡಿ ಪತ್ರಗಳಲ್ಲಿ ಹಾಕಿದರೆ ನೂರಕ್ಕೆ ನಾಲ್ಕರಿಂದ ಐದು, ಮಿಕ್ಕಿದ್ದರಲ್ಲಿ ಫಿನ್ಲೆಂಡಿನಲ್ಲಿ ಒಂದು ಸಣ್ಣ ಮನೆ ಅಂತ ಅವನ ಲೆಕ್ಕ. ವಾನ್ಯಾ ತಕ್ಷಣ ಕೂಗುವುದಿಲ್ಲ. ತಾಳು, ನನ್ನ ಕಿವಿ ಕೈಕೊಡುತ್ತಿದೆಯೇನೋ, ಇನ್ನೊಂದು ಸಲ ಹೇಳು ಅನ್ನುತ್ತಾನೆ. ಆಮೇಲೆ ತನ್ನ ಲೆಕ್ಕ ತೆಗೆಯುತ್ತಾನೆ. ಈ ಎಸ್ಟೇಟಿಗೆ ಕೊಟ್ಟ ಬೆಲೆ 95 ಸಾವಿರ. ಅಪ್ಪ ಕೊಟ್ಟದ್ದು 70, ಉಳಿದ ಸಾಲ 25 ಸಾವಿರ. ತಂಗಿಯ ಮೇಲಿನ ಪ್ರೀತಿಗೆ ತನ್ನ ಪಾಲು ಬಿಟ್ಟುಕೊಟ್ಟ. ಹತ್ತು ವರ್ಷ ಎತ್ತಿನ ಹಾಗೆ ದುಡಿದು ಸಾಲ ತೀರಿಸಿದ. ಸಂಬಳ ವರ್ಷಕ್ಕೆ 500 ರೂಬಲ್. ಒಂದೇ ಒಂದು ರೂಬಲ್ ಜಾಸ್ತಿ ಮಾಡಬೇಕು ಅಂತ ಭಾವನಿಗೆ ಹೊಳೆಯಲಿಲ್ಲ.

ಇದನ್ನು ನಿಮ್ಮ ನಟ ಒಂದು ಹಾಳೆಯಲ್ಲಿ ಬರೆದು ಕೂಡಿಸಲಿ. ಇಪ್ಪತ್ತೈದು ವರ್ಷಕ್ಕೆ 12,500 ರೂಬಲ್. ತೀರಿಸಿದ ಸಾಲದ ಅರ್ಧ! ಆಮೇಲೆ ಅವನು ಬ್ಯಾಂಕಿನ ಗುಮಾಸ್ತನಿಗೆ ಹೇಳುವ ಹಾಗೆ, ಒಂದಿಷ್ಟೂ ದನಿ ಎತ್ತದೆ ಆ ಲೆಕ್ಕವನ್ನು ಎದುರಿನವನಿಗೆ ವಿವರಿಸಲಿ. ಎದುರಿನವನು ಕೇಳಿಸಿಕೊಳ್ಳದೆ ಗಡಿಯಾರ ನೋಡುತ್ತಿರಲಿ. ನೀವೇ ನೋಡಿ, ನಾಲ್ಕನೇ ವಾಕ್ಯದ ಹೊತ್ತಿಗೆ ಸಿಟ್ಟು ತಾನಾಗಿ ಬರುತ್ತದೆ. ಆಗ ಕೂಗಲಿ, ಬೇಕಾದಷ್ಟು ಕೂಗಲಿ. ಆ ಕೂಗಿಗೆ ಅರ್ಥ ಇರುತ್ತದೆ. ನಾಟಕ ಕೊಟ್ಟ ಸನ್ನಿವೇಶ ಅಂತ ಸ್ಟಾನಿಸ್ಲಾವ್‌ಸ್ಕಿ ಹೇಳುತ್ತಿದ್ದದ್ದು ಇದನ್ನೇ. ಆ ಮಾತನ್ನು ಅವನು ಪಡೆದದ್ದು ಕವಿ ಪುಷ್ಕಿನ್‌ನಿಂದ.

ರಷ್ಯನ್ನರ ಹಾಗೆ ಕಾಣಬೇಕು ಅಂತ ತುಪ್ಪಳದ ಟೋಪಿ, ಎತ್ತರದ ಬೂಟು ಹುಡುಕುತ್ತಿದ್ದರೆ ಅದನ್ನೂ ಬಿಟ್ಟುಬಿಡಿ. ಹಳ್ಳಿಯಲ್ಲಿ ಎಸ್ಟೇಟು ನೋಡಿಕೊಳ್ಳುವವನು ಅಂದ ಮೇಲೆ ವಾನ್ಯಾ ಒರಟು ಬಟ್ಟೆ, ದೊಡ್ಡ ಬೂಟು ಹಾಕಿರುತ್ತಾನೆ ಅಂತ ಮಾಸ್ಕೋದವರೇ ಅಂದುಕೊಂಡಿದ್ದರು. ಚೆಕಾಫ್‌ಗೆ ಸಿಟ್ಟು ಬಂತು. ಎಲ್ಲಾ ಬರೆದಿದ್ದೇನಲ್ಲ, ನೀವು ನಾಟಕ ಓದಿಲ್ಲ ಅಂದ. ಓದಿದರೆ ಮೊದಲ ಅಂಕದಲ್ಲೇ ಇದೆ. ವಾನ್ಯಾ ನಿದ್ದೆಯಿಂದ ಎದ್ದು ಬಂದು ಬೆಂಚಿನ ಮೇಲೆ ಕೂತು ತನ್ನ ಸೊಗಸಾದ ಟೈ ಸರಿಮಾಡಿಕೊಳ್ಳುತ್ತಾನೆ. ನಲವತ್ತೇಳು ವರ್ಷದ ಗಂಡಸು, ಕಣ್ಣಲ್ಲಿ ಇನ್ನೂ ನಿದ್ದೆ, ಕೈ ಟೈ ಮೇಲೆ. ಯಾರಿಗೋಸ್ಕರ ಆ ಟೈ? ನಿಮ್ಮ ನಟನಿಗೆ ಈ ಒಂದು ಪ್ರಶ್ನೆ ಕೇಳಿ ಬಿಟ್ಟುಬಿಡಿ. ಉತ್ತರ ನೀವು ಹೇಳಬೇಡಿ.

ಮೊದಲ ಅಂಕ ನಡೆಯುವುದು ಬೇಸಿಗೆಯ ಮಧ್ಯಾಹ್ನ ಅನ್ನುವುದನ್ನೂ ಮರೆಯಬೇಡಿ. ಮರದ ಕೆಳಗೆ ಚಹಾ, ಕಾದು ಕಾದು ತಣ್ಣಗಾದ ಸಮೊವಾರ್, ಅಂದರೆ ಚಹಾಕ್ಕೆ ನೀರು ಕಾಯಿಸುವ ಪಾತ್ರೆ. ಅಂಥ ಸೆಕೆಯಲ್ಲಿ ಪ್ರೊಫೆಸರ್ ಓವರ್‌ಕೋಟು, ರಬ್ಬರ್ ಮೇಲ್ಜೋಡು, ಕೊಡೆ, ಕೈಗವಸು ಹಾಕಿಕೊಂಡು ಓಡಾಡುತ್ತಾನೆ ಅಂತ ವಾನ್ಯಾ ಹಂಗಿಸುತ್ತಾನೆ. ಚಹಾ ಆರಿದ ಮೇಲೆ ಬೆವರುತ್ತಾ ಕೂರುವ ಜಡತನ ನಿಮ್ಮ ನಟರಿಗೆ ಏಪ್ರಿಲ್ ತಿಂಗಳಿನಲ್ಲಿ ದಿನಾ ಸಿಗುತ್ತದೆ. ಅದಕ್ಕೆ ರಷ್ಯದ ಚಳಿಯನ್ನು ಊಹಿಸಿಕೊಳ್ಳುವ ಅಗತ್ಯವೇ ಇಲ್ಲ.

ನೀವು ಇಂಗ್ಲಿಷಿನಿಂದ ಅನುವಾದ ಮಾಡಿದ್ದೀರಿ ಅಂದಿರಿ. ಇಲ್ಲಿ ಒಂದು ಸಂಪತ್ತು ಕೈತಪ್ಪಿದೆ, ಅದನ್ನು ವಾಪಸ್ ತಂದುಕೊಳ್ಳಿ. ರಷ್ಯನ್ನಿನಲ್ಲಿ ನಮ್ಮ ಹಾಗೇ ‘ನೀನು’, ‘ನೀವು’ ಎರಡೂ ಇವೆ. ಇಂಗ್ಲಿಷಿನಲ್ಲಿ ಎರಡೂ ಒಂದೇ ಆಗಿಹೋಗುತ್ತವೆ. ವಾನ್ಯಾ ಮತ್ತು ಡಾಕ್ಟರು ಪರಸ್ಪರ ನೀನು. ವಾನ್ಯಾ ತಾನು ಪ್ರೀತಿಸುವ ಯೆಲೆನಾಗೆ ನೀವು ಅನ್ನುತ್ತಾನೆ, ಸೋನ್ಯಾ ತಾನು ಪ್ರೀತಿಸುವ ಡಾಕ್ಟರಿಗೆ ನೀವು ಅನ್ನುತ್ತಾಳೆ. ಮುದುಕಿ ದಾದಿ ಮರೀನಾ ಪ್ರೊಫೆಸರಿಗೂ ನೀನು ಅನ್ನುತ್ತಾಳೆ. ಎರಡನೇ ಅಂಕದಲ್ಲಿ ಕಾಲು ನೋವು ಅಂತ ಮನೆಮಂದಿಯನ್ನೆಲ್ಲ ಗೋಳಾಡಿಸುತ್ತಿದ್ದ ಆ ದೊಡ್ಡ ಮನುಷ್ಯನನ್ನು, ಬಾರಪ್ಪ, ಬಿಸಿ ಕಷಾಯ ಕೊಡ್ತೀನಿ, ಕಾಲು ಬೆಚ್ಚಗೆ ಮಾಡ್ತೀನಿ ಅಂತ ಮಗುವಿನ ಹಾಗೆ ಕರೆದುಕೊಂಡು ಹೋಗುತ್ತಾಳೆ. ಅವನು ಸುಮ್ನೆ ಎದ್ದು ಹೋಗುತ್ತಾನೆ. ಆ ‘ನೀನು’ ಇಲ್ಲದಿದ್ದರೆ ಅವನು ಏಳುವುದೇ ಸುಳ್ಳು.

ಅದೇ ಅಂಕದ ಕೊನೆಗೆ ಸೋನ್ಯಾ ಮತ್ತು ಅವಳ ಮಲತಾಯಿ ಯೆಲೆನಾ ರಾಜಿಯಾಗುತ್ತಾರೆ. ಒಂದೇ ಗ್ಲಾಸಿನಲ್ಲಿ ವೈನ್ ಕುಡಿಯುತ್ತಾರೆ. ಕುಡಿಯುವ ಮುಂಚೆ ಸೋನ್ಯಾ ಕೇಳುತ್ತಾಳೆ: ‘ಹಾಗಾದ್ರೆ, ನೀನು?’ ಯೆಲೆನಾ ಹೇಳುತ್ತಾಳೆ: ‘ನೀನು.’ ಇಡೀ ನಾಟಕದಲ್ಲಿ ಇಷ್ಟು ಸಣ್ಣ, ಇಷ್ಟು ತುಂಬಿದ ಸಂಭಾಷಣೆ ಇನ್ನೊಂದಿಲ್ಲ. ಇಂಗ್ಲಿಷ್ ಅನುವಾದಕರು ಇದಕ್ಕೆ ಏನೇನೋ ಸುತ್ತುಮಾತು ಹುಡುಕಬೇಕಾಗುತ್ತದೆ. ನಮಗೆ ನೇರವಾಗಿ ಸಿಗುತ್ತದೆ. ನಮ್ಮ ಮನೆಗಳಲ್ಲಿ ಹೊಸ ಸೊಸೆ, ನಾದಿನಿ ‘ನೀವು’ ಬಿಟ್ಟು ‘ನೀನು’ ಅಂದ ದಿನ ಎಲ್ಲರಿಗೂ ನೆನಪಿರುತ್ತದೆ, ಅಲ್ವಾ? ನಟಿಯರಿಗೆ ಬೇರೆ ಏನೂ ಹೇಳಿಕೊಡಬೇಕಾಗಿಲ್ಲ.

‘ಮಾಮ’ ಅನ್ನುವ ಆಯ್ಕೆ ಚೆನ್ನಾಗಿದೆ. ವಾನ್ಯಾ ಸೋನ್ಯಾಳ ತಾಯಿಯ ಸೋದರನೇ. ಒಂದೇ ಎಚ್ಚರ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಸೋದರಮಾವ ಅಂದರೆ ಹೆಣ್ಣು ಕೊಡಬಹುದಾದ ಸಂಬಂಧ. ರಷ್ಯದಲ್ಲಿ ಆ ನೆರಳು ಇಲ್ಲವೇ ಇಲ್ಲ. ನಟರ ಸಲಿಗೆಯಲ್ಲಿ ಅದು ನುಸುಳದ ಹಾಗೆ ನೋಡಿಕೊಳ್ಳಿ.

ಗೊಣಗುವವರ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಗೊಣಗುವುದು ಸತ್ಯ ಅಲ್ಲ. ಹೆದರಿಕೆ. ಕ್ಯಾಮೆರಾ ಮುಂದೆ ಮಾಡುವುದನ್ನು ನೋಡಿ ಕಲಿತದ್ದು. ಮೈಕ್ ಇಲ್ಲದ ಕಾಲದಲ್ಲಿ ಬರೆದ ನಾಟಕ ಇದು, ಕೊನೆಯ ಸಾಲಿನವರೂ ದುಡ್ಡು ಕೊಟ್ಟೇ ಬಂದಿದ್ದರು. ಇಬ್ಬರು ನಟರನ್ನು ಸಭಾಂಗಣದ ಎರಡು ತುದಿಯಲ್ಲಿ ನಿಲ್ಲಿಸಿ. ಗುಟ್ಟಿನ ಮಾತನ್ನು ಗುಟ್ಟಿನ ಮಾತಾಗಿಯೇ ಅಷ್ಟು ದೂರಕ್ಕೆ ತಲುಪಿಸಲು ಹೇಳಿ. ಮೊದಲ ದಿನ ಕಿರುಚುತ್ತಾರೆ. ಒಂದು ವಾರದಲ್ಲಿ ವ್ಯಂಜನಗಳು ಚೂಪಾಗುತ್ತವೆ, ಉಸಿರು ಕೆಳಗೆ ಇಳಿಯುತ್ತದೆ.

ನಗು ಬಂದರೆ ಹೆದರಬೇಡಿ. ವಾನ್ಯಾ ಗುಂಡು ಹಾರಿಸುವಾಗ ತಾನೇ ಬಾಯಲ್ಲಿ ‘ಢಂ’ ಅನ್ನುತ್ತಾನೆ. ತಾಗಲಿಲ್ಲವಾ, ಮತ್ತೆ ತಪ್ಪಿತಾ ಅನ್ನುತ್ತಾನೆ. ಜನ ನಗುತ್ತಾರೆ. ನಗಲಿ. ಆ ನಗು ಅರ್ಧಕ್ಕೆ ನಿಲ್ಲುತ್ತದೆ, ನಿಂತ ಜಾಗದಲ್ಲೇ ನೋವು ಶುರುವಾಗುತ್ತದೆ. 1904ರಲ್ಲಿ ‘ಚೆರ್ರಿ ತೋಟ’ ಆಡಿದಾಗ ಚೆಕಾಫ್‌ಗೆ ಕೊನೆಯವರೆಗೂ ಇದೇ ಕೊರಗು. ತಾನು ಹಾಸ್ಯನಾಟಕ ಅಂತ ಬರೆದದ್ದನ್ನು ಇವರು ಅಳುನಾಟಕ ಮಾಡಿದರು ಅಂತ. ಅದೇ ವರ್ಷ ಜುಲೈನಲ್ಲಿ, ನಲವತ್ತನಾಲ್ಕಕ್ಕೇ, ಅವನು ತೀರಿಕೊಂಡ.

ಹತ್ತು ವಾರದ ಲೆಕ್ಕ ಹೀಗಿರಲಿ. ಮೊದಲ ಎರಡು ವಾರ ಓದು, ಅಂಕಿಗಳು, ನೀನು-ನೀವು. ಮುಂದಿನ ಮೂರು ವಾರ ಯಾರೂ ಮಾತು ಬಾಯಿಪಾಠ ಮಾಡಬಾರದು. ದೃಶ್ಯ ಓದುವುದು, ಪುಸ್ತಕ ಮುಚ್ಚುವುದು, ಎದ್ದು ಸ್ವಂತ ಮಾತಿನಲ್ಲಿ ಆಡುವುದು, ವಾಪಸ್ ಬಂದು ಎಲ್ಲಿ ದಾರಿ ತಪ್ಪಿತು ಅಂತ ಪುಸ್ತಕದಲ್ಲಿ ನೋಡುವುದು. ಸ್ಟಾನಿಸ್ಲಾವ್‌ಸ್ಕಿ ಕೊನೆಗಾಲದಲ್ಲಿ ಶುರುಮಾಡಿದ ಇದನ್ನು ಅವನ ಶಿಷ್ಯೆ ಮರೀಯಾ ಕ್ನೆಬೆಲ್ ಜೀವನಪೂರ್ತಿ ಕಲಿಸಿದಳು. ನಿಮ್ಮವರು ಶಿವಮೊಗ್ಗದ ಕನ್ನಡದಲ್ಲೇ ಆಡಲಿ. ಆರನೇ ವಾರ ನಾಟಕದ ಮಾತಿಗೆ ಬಂದಾಗ ಆ ಮಾತು ಅವರಿಗೆ ಬೇಕಾಗಿರುತ್ತದೆ, ಹಸಿದವರಿಗೆ ಅನ್ನ ಬೇಕಾದ ಹಾಗೆ.

ಕೊನೆಗೆ ‘ಕಣ್ಣೀರಿನ ನಡುವೆ’. ಈ ಸೂಚನೆ ಚೆಕಾಫ್‌ನ ನಾಟಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ‘ಚೆರ್ರಿ ತೋಟ’ದ ತಾಲೀಮು ಶುರುವಾಗುವ ಮುಂಚೆ, 1903ರ ಅಕ್ಟೋಬರ್‌ನಲ್ಲಿ, ಅವನು ಸ್ಟಾನಿಸ್ಲಾವ್‌ಸ್ಕಿಯ ಜೊತೆ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದ ನೆಮಿರೋವಿಚ್ ಡಾಂಚೆಂಕೊಗೆ ಬರೆದ ಕಾಗದದಲ್ಲಿ ಇದನ್ನು ಬಿಡಿಸಿ ಹೇಳಿದ್ದಾನೆ. ತಾನು ಹಾಗೆ ಬರೆದರೆ ಅದು ಪಾತ್ರದ ಮನಸ್ಥಿತಿ ಮಾತ್ರ, ಕಣ್ಣೀರಲ್ಲ ಅಂತ. ಈ ಒಂದು ಸಾಲನ್ನು ನಿಮ್ಮ ಸೋನ್ಯಾಗೆ ಓದಿ ಹೇಳಿ, ಅವಳ ಎದೆಯಿಂದ ಕಲ್ಲು ಇಳಿದ ಹಾಗಾಗುತ್ತದೆ.

ಆಮೇಲೆ ಆ ಸೂಚನೆಯ ಹಿಂದಿನ ಸಾಲು ತೋರಿಸಿ. ಸೋನ್ಯಾ ಕರವಸ್ತ್ರದಿಂದ ಮಾಮನ ಕಣ್ಣೀರು ಒರೆಸುತ್ತಾಳೆ. ಅಳುತ್ತಿರುವವನು ಅವನು. ಅವಳಿಗೆ ಇರುವ ಕೆಲಸ ಅವನ ಅಳು ನಿಲ್ಲಿಸುವುದು, ನಾಳೆ ಬೆಳಗ್ಗೆ ಅವನು ಎದ್ದು ಲೆಕ್ಕದ ಪುಸ್ತಕದ ಮುಂದೆ ಕೂರುವ ಹಾಗೆ ಮಾಡುವುದು. ಅವಳು ಪ್ರೀತಿಸಿದವನು ಈಗಷ್ಟೇ ಗಾಡಿ ಹತ್ತಿ ಹೋಗಿದ್ದಾನೆ. ಅದನ್ನು ಅವಳು ಒಂದು ಮಾತಿನಲ್ಲೂ ಹೇಳುವುದಿಲ್ಲ. ಪಕ್ಕದಲ್ಲಿ, ಆ ಮನೆಯಲ್ಲೇ ಉಳಿದಿರುವ ತೆಲೆಗಿನ್ ಮೆಲ್ಲಗೆ ಗಿಟಾರ್ ಮೀಟುತ್ತಿರುತ್ತಾನೆ, ಮರೀನಾ ಕಾಲುಚೀಲ ಹೆಣೆಯುತ್ತಿರುತ್ತಾಳೆ, ಹೊರಗೆ ಕಾವಲುಗಾರ ಕೋಲು ಬಡಿಯುತ್ತಾನೆ. ಆ ಹುಡುಗಿಯ ಕೈಗೆ ಒಂದು ಒಗೆದ ಹತ್ತಿಯ ಕರವಸ್ತ್ರ ಕೊಡಿ. ‘ಅವನ ಕಣ್ಣು ಪೂರ್ತಿ ಒಣಗುವ ತನಕ ಒರೆಸು, ಮಾತು ಅದರ ಪಾಡಿಗೆ ಬರಲಿ’ ಅಂತ ಹೇಳಿ. ಅವಳ ಕಣ್ಣು ಒದ್ದೆಯಾದರೆ ಆಗಲಿ, ಆಗದಿದ್ದರೆ ಬೇಡ. ನೀವು ಅವಳ ಕಣ್ಣು ನೋಡಬೇಡಿ, ಕರವಸ್ತ್ರ ಹಿಡಿದ ಕೈ ನೋಡಿ.